ಎರಡು ಮನೆಯ ವೀಳ್ಯ

ನಾಟಕ ಕಂಪನಿ ಬಿಟ್ಟು ಸಿಂಧನೂರಿನಲ್ಲಿ ಕೋಣೆ ಹಿಡಿದಾಗ ನನ್ನ ಆಸ್ತಿ ಒಂದು ಹಾರ್ಮೋನಿಯಂ ಪೇಟಿ, ಎರಡು ಧೋತರ, ಮತ್ತೆ ಬೇಕಾದಷ್ಟು ಹೆದರಿಕೆ. ಕಂಪನಿಯ ಮಾಲಕರು ಬೈಯುತ್ತಿದ್ದರು, ಆದರೆ ಎರಡು ಹೊತ್ತು ಊಟ ಹಾಕುತ್ತಿದ್ದರು. ಈಗ ಬೈಯುವವರೂ ಇಲ್ಲ, ಹಾಕುವವರೂ ಇಲ್ಲ. ಯಾರಾದರೂ ಲಗ್ನಕ್ಕೋ ಭಜನೆಗೋ ಕರೆದರೆ ಒಲೆ ಹೊತ್ತಬೇಕು. ಹೊರಗೆ ಚಪ್ಪಲಿ ಸದ್ದಾದರೆ ಆಸೆ, ಸದ್ದು ಬಾಗಿಲು ದಾಟಿ ಮುಂದೆ ಹೋದರೆ ಅಂಜಿಕೆ. ನಾನು ಹುಟ್ಟು ಪುಕ್ಕಲ. ಈ ವಯಸ್ಸಿನಲ್ಲಿ ಅದನ್ನು ಮುಚ್ಚಿಟ್ಟು ಆಗಬೇಕಾದ್ದೇನೂ ಇಲ್ಲ.

ನನ್ನ ಜೊತೆ ತಬಲಾ ಬಾರಿಸುತ್ತಿದ್ದ ಚಾಚಾ ಇಪ್ಪತ್ತು ವರ್ಷ ಯಾರ ಕೈಕೆಳಗೂ ಇಲ್ಲದೆ ಬದುಕಿದವರು. ಅವರು ಕಲಿಸಿದ ಕಸುಬಿನ ಕಾನೂನು ಒಂದೇ. ಕರೆಯಲು ಬಂದವರು ಎಲೆ ಅಡಿಕೆ ಕೊಡುತ್ತಾರೆ. ಒಪ್ಪಿಗೆಯಿದ್ದರೆ ಅವರೆದುರಿಗೇ ಬಾಯಿಗೆ ಹಾಕಬೇಕು. ಹಾಕಿದ ಮೇಲೆ ಆ ದಿನ ಅವರದು.

"ನಮಗ್ಯಾಕ ಬೇಟಾ ಕಾಗದ ಪತ್ರ? ಎಲಿ ತಿಂದ ಮ್ಯಾಲ ಜ್ವರ ಬಂದ್ರೂ ಹೋಗಬೇಕು. ಒಮ್ಮೆ ತಪ್ಪಿಸಿದಿ ಅಂದ್ರ ಮೂರೂ ಊರಾಗ ಯಾರೂ ಕರಿಯಂಗಿಲ್ಲ" ಎನ್ನುತ್ತಿದ್ದರು.

ಮೂರೂ ಊರೆಂದರೆ ಸಿಂಧನೂರು, ಮಸ್ಕಿ, ಲಿಂಗಸುಗೂರು. ನಮ್ಮ ಅನ್ನದ ಸೀಮೆ ಅಷ್ಟೇ.

ಒಂದು ದಿನ ಮಸ್ಕಿಯ ಎಣ್ಣೆ ಗಾಣದ ಮನೆಯ ಯಜಮಾನ ಬಂದು ಮಗಳ ಲಗ್ನಕ್ಕೆ ವೀಳ್ಯ ಕೊಟ್ಟ. ತಿಂದೆ. "ನೀ ಬರಲಿಲ್ಲಂದ್ರ ನಮ್ಮವ್ವ ನನ್ನ ಗಾಣಕ್ಕ ಹೂಡತಾಳ ನೋಡಲೇ ಮಾಸ್ತರ" ಎಂದು ಬೆನ್ನಿಗೊಂದು ಗುದ್ದಿ, ನಕ್ಕು ಹೋದ.

ಎಂಟು ದಿನಕ್ಕೆ ಲಿಂಗಸುಗೂರಿನ ತಹಸೀಲ ಕಚೇರಿಯ ಜವಾನ ನನ್ನ ಬಾಗಿಲಲ್ಲಿ ನಿಂತ. ಅವನ ಎದೆಯ ಮೇಲಿನ ಸರಕಾರಿ ಪಟ್ಟಿ ಕಂಡೊಡನೆ ಎದ್ದು ನಿಂತೆ.

"ಸಾಹೇಬ್ರ ಮೊಮ್ಮಗನ ತೊಟ್ಟಿಲ ಕಾರ್ಯ ಐತಿ. ಪಾನ ಕಳಸ್ಯಾರ, ತಗೋ."

ದಿನ ಯಾವುದೆಂದು ಕೇಳಬೇಕಿತ್ತು. ಸಾಹೇಬರ ಮನೆಯ ಪಾನ ಕೈಯಲ್ಲಿ ಹಿಡಿದು ಸವಾಲು ಹಾಕುವುದುಂಟೇ? ಗಬಕ್ಕನೆ ಬಾಯಿಗೆ ಹಾಕಿಕೊಂಡೆ. ಅಗಿಯುತ್ತಿರುವಾಗ ಅವನು ದಿನ ಹೇಳಿದ. ಗಾಣದ ಮನೆಯ ಲಗ್ನವೂ ಅವತ್ತೇ.

ಚಾಚಾ ತಲೆಯ ಮೇಲೆ ಕೈ ಹೊತ್ತುಕೊಂಡರು. ತಿಂದ ಎಲೆಯ ಮಾತಿನಿಂದ ಬಿಡಿಸಬೇಕಾದವರು ಅದನ್ನು ಕೊಟ್ಟವರೇ. "ಸಾಹೇಬ್ರ ಕಡೆ ಹೋಗಿ ಕೈಮುಗಿದು ಕೇಳು. ಮೊದಲ ಬ್ಯಾರೆ ಮನಿ ಎಲಿ ತಿಂದೀನ್ರಿ ಅನ್ನು. ಯಾರ ಮನಿ ಅಂತ ಮಾತ್ರ ಹೇಳಬ್ಯಾಡ. ಮಸ್ಕಿ ಆ ಸಾಹೇಬನ ಕೈಯಾಗ ಅದ" ಎಂದರು. ನಿಜಾಮರ ಆಳಿಕೆಯಲ್ಲಿ ಕಚೇರಿಯವರು ಮನಸ್ಸು ಮಾಡಿದರೆ ಒಂದು ಮನೆಯವರನ್ನೆಲ್ಲ ಬಿಟ್ಟಿ ಚಾಕರಿಗೆ ಎಳೆದೊಯ್ಯಬಹುದಿತ್ತು. ಅದು ನನಗೂ ಗೊತ್ತಿತ್ತು.

ಲಿಂಗಸುಗೂರಿನ ಕಚೇರಿಯ ಬೇವಿನ ಮರದ ಕೆಳಗೆ ಮಧ್ಯಾಹ್ನದವರೆಗೆ ನಿಂತೆ. ಒಳಗೆ ಕರೆದಾಗ ಹೇಗೋ ವಿಷಯ ಹೇಳಿದೆ. ಸಾಹೇಬರು ಬೈಯಲಿಲ್ಲ, ನಕ್ಕರು. ಬೈದಿದ್ದರೆ ಇಷ್ಟು ಭಯವಾಗುತ್ತಿರಲಿಲ್ಲ.

"ಇಷ್ಟೇ ಏನು? ಯಾರ ಮನಿ ಲಗ್ನ?"

ಹೇಳಬಾರದು, ಹೇಳಬಾರದು ಎಂದು ದಾರಿಯುದ್ದಕ್ಕೂ ಜಪ ಮಾಡಿಕೊಂಡು ಬಂದಿದ್ದೆ. ಅವರು ಎರಡನೇ ಸಲ ಕೇಳಬೇಕಾಗಲೇ ಇಲ್ಲ, ಹೇಳಿಬಿಟ್ಟೆ. ಊರು, ಓಣಿ, ಯಜಮಾನನ ಹೆಸರು, ಯಾರೂ ಕೇಳದ ಅವನ ಅಪ್ಪನ ಹೆಸರು ಸಹ.

ಮೂರನೇ ದಿನ ಯಜಮಾನ ನನ್ನ ಕೋಣೆಗೆ ಬಂದ. "ಲಗ್ನ ಹದಿನೈದು ದಿನ ಮುಂದಕ್ಕ ಹಾಕೀವ್ರಿ. ಜವಾನ ಬಂದು ಹೇಳಿ ಹೋಗ್ಯಾನ. ತಾವು ಸಾಹೇಬ್ರ ಕಾರ್ಯ ಮುಗಿಸಿಕೊಂಡ ಬರ್ರಿ" ಎಂದ. ಲೇ ಅಂದವನ ಬಾಯಲ್ಲಿ ಈಗ ತಾವು! ಕೂಡು ಎಂದರೆ ಕೂಡಲಿಲ್ಲ. ಹೊಸ್ತಿಲ ಆಚೆಯೇ ನಿಂತು ಹೊಸ ಎಲೆ ನೀಡಿದ. ನನಗೆ ನಾಚಿಕೆಯಾಯಿತು. ಆದರೆ ತಿನ್ನದಿದ್ದರೆ ಮಸ್ಕಿಯಲ್ಲಿ ಅನ್ನ ತಪ್ಪೀತೆಂಬ ಅಂಜಿಕೆ ನಾಚಿಕೆಗಿಂತ ದೊಡ್ಡದಾಗಿತ್ತು. ತಿಂದೆ.

ಎರಡೂ ಮನೆಯಲ್ಲಿ ಬಾರಿಸಿದೆ. ಆಮೇಲೆ ಮಸ್ಕಿಯಿಂದ ಕರೆಯ ಮೇಲೆ ಕರೆ. ಕೂಸು ಹುಟ್ಟಿದರೆ ನಾನು, ಮನೆ ಕಟ್ಟಿದರೆ ನಾನು, ಬೋರ್‍ವೆಲ್ ಕಾಣದ ಆ ದಿನಗಳಲ್ಲಿ ಬಾವಿಗೆ ನೀರು ಬಂದರೂ ನಾನು. ಚಾಚಾ ಮಾತ್ರ ಆ ಊರಿಗೆ ಬರುವುದನ್ನು ಬಿಟ್ಟರು. ಯಾಕೆಂದು ಕೇಳಲು ನನಗೆ ಧೈರ್ಯ ಸಾಲಲಿಲ್ಲ. ಬೇರೊಬ್ಬ ತಬಲಾದವನನ್ನು ಕಟ್ಟಿಕೊಂಡೆ. ಅಂತೂ ನನ್ನ ಕೈ ಜನಕ್ಕೆ ಹಿಡಿಸಿತು, ಯಾವ ಕಂಪನಿಯ ಹಂಗೂ ಇಲ್ಲದೆ ನನ್ನ ಕಾಲ ಮೇಲೆ ನಿಂತೆ ಎಂದು ಒಳಗೊಳಗೇ ಬೀಗಿದೆ.

ಎರಡು ವರ್ಷಕ್ಕೆ ಗಾಣದ ಮನೆಯ ಎರಡನೇ ಮಗಳ ಲಗ್ನ. ಯಜಮಾನನ ತಾಯಿ, ಹಣ್ಣು ಮುದುಕಿ, ನನಗೆ ಹೋಳಿಗೆ ಬಡಿಸುತ್ತಿದ್ದಳು. ಹೊಗಳಿಸಿಕೊಳ್ಳುವ ಚಪಲ ನನಗೆ.

"ಹ್ಯಾಂಗಿತ್ತು ಯವ್ವಾ ನನ್ನ ಪೇಟಿ?"

"ಚಲೋನ ಇರಬೇಕಪ್ಪಾ, ನಮಗೇನು ತಿಳೀತದ? ನಿನ್ನ ಕರೀಲಿಲ್ಲಂದ್ರ ಕಚೇರಿಗೆ ಹೋಗಿ ಮನಿ ಹೆಸರು ಹೇಳ್ತಿ ಅಂತ ಊರೆಲ್ಲ ಅಂಜತದ. ಅದಕ್ಕ ಕರೀತೀವಿ. ತುಪ್ಪ ಹಾಕ್ಲೇನು?"

ಹಾಕು ಎಂದೆ. ಎದ್ದು ಹೋಗುವ ಧೈರ್ಯವೂ ನನ್ನಲ್ಲಿರಲಿಲ್ಲ. ಉಂಡು ಕೈ ತೊಳೆದು ಸಂಜೆಯವರೆಗೂ ಬಾರಿಸಿದೆ. ಚಪ್ಪರದ ಕೆಳಗೆ ಎಲ್ಲರೂ ತಲೆದೂಗುತ್ತಿದ್ದರು. ನಾನು ಯಾರ ಮುಖವನ್ನೂ ನೋಡಲಿಲ್ಲ.