ಆಟೋ ಮೇಲಿನ ಝಂಡಾ

ಹುಮನಾಬಾದಿನಲ್ಲಿ ನನ್ನದು ಮೈಕ್ ಕಟ್ಟಿದ ಆಟೋ. ಚುನಾವಣೆ ಬಂದರೆ ನನ್ನ ಪಕ್ಷದ ಪ್ರಚಾರ, ಉಳಿದಂತೆ ಭಜನೆ. ಕೊಹಿನೂರ ಹಳ್ಳಿಯ ಗೆಳೆಯ ಶರಣಪ್ಪ ಎದುರು ಪಕ್ಷದವನು. ಆದರೂ ನನ್ನ ಹಾಡಿಗೆ ತಬಲಾ ಅವನದೇ. "ನಾ ಸತ್ತರ ಹಾಡೂ ಮೈಕೂ ಅವಂದೇ ಬೇಕು" ಎಂದು ನನ್ನ ಬಗ್ಗೆ ಮನೆಯಲ್ಲಿ ಹೇಳಿಟ್ಟಿದ್ದನಂತೆ. ಅದನ್ನು ನೆನೆದರೆ ಈಗಲೂ ನನ್ನ ಎದೆ ಉಬ್ಬುತ್ತದೆ.

ಅವನು ಹೋದ ದಿನ, ಪದ್ಧತಿಯಂತೆ ಹೆಣ ಕೂರಿಸಿದ್ದ ಅಂಗಳಕ್ಕೆ ಅವಸರದಲ್ಲಿ ಆಟೋ ತಂದು ನಿಲ್ಲಿಸಿದೆ. ಅವನ ಪಕ್ಷದವನೊಬ್ಬ ಅಡ್ಡ ಬಂದ: "ಮೊದಲ ಆ ಝಂಡಾ ತೆಗೀರಿ!"

ಪ್ರಚಾರಕ್ಕೆ ಕಟ್ಟಿದ್ದ ನನ್ನ ಪಕ್ಷದ ಬಾವುಟ ಬಿಚ್ಚುವುದು ಮರೆತೇಬಿಟ್ಟಿದ್ದೆ. ನಾಚಿಕೆಯಿಂದ ಕೈ ಹಾಕಿದೆ.

ಶರಣಪ್ಪನ ಹೆಂಡತಿ ಅಳುತ್ತಲೇ ತಡೆದಳು: "ಇರ್ಲಿ ಬಿಡ್ರಿ ಅಣ್ಣಾ. ಅದನ್ನ ನೋಡಿ ಬೈಯಾಕಾದ್ರೂ ಎದ್ದಾರು."

ಸಂಜೆಯವರೆಗೂ ದನಿ ಎತ್ತಿ ಹಾಡಿದೆ. ಅವನು ಏಳಲಿಲ್ಲ. ನನ್ನ ಝಂಡಾದೆದುರು ಅವನು ಅಷ್ಟು ಹೊತ್ತು ಸುಮ್ಮನೆ ಕೂತದ್ದು ಅದೇ ಮೊದಲು.