ಇಳಿದದ್ದು ಯಾವುದು

ಆ ಗಾಜಿನ ನಳಿಗೆಯಲ್ಲಿ ಸೊನ್ನೆ ಮೇಲ್ತುದಿಯಲ್ಲಿತ್ತು. ಗೆರೆಗಳು ಅಲ್ಲಿಂದ ಕೆಳಕ್ಕೆ ಸಾಗುತ್ತಿದ್ದವು. ಒಳಗಿನ ನೆತ್ತರು ಕೆಳಗಿಳಿದಷ್ಟೂ ಅಂಕೆ ದೊಡ್ಡದಾಗುತ್ತಿತ್ತು.

ನೆತ್ತರು ನನ್ನ ಅಕ್ಕನದು. ಮದುವೆಯಾಗಿ ಕೊಡಿಯಾಲಬೈಲಿನಲ್ಲಿದ್ದ ಅವಳಿಗೆ ಕೀಲುಗಳೆಲ್ಲ ಬಾತು ಜ್ವರ ಬಂದಿತ್ತು. ಇದು ಹೃದಯಕ್ಕೆ ತಗಲುವ ಜ್ವರ, ಹಾಸಿಗೆ ಬಿಟ್ಟು ಏಳಲೇಬಾರದು ಎಂದು ಡಾಕ್ಟರರು ಹೇಳಿದ್ದರು. ಎಲ್ಲಿಯ ತನಕ ಎಂದು ಭಾವ ಕೇಳಿದಾಗ, "ನೆತ್ತರಿನ ಪರೀಕ್ಷೆ ಮಾಡ್ತೇನೆ. ಅದು ಇಳಿಯುವ ತನಕ" ಎಂದರು.

ಮದ್ದಿನಿಂದ ಜ್ವರ ಬಿಟ್ಟಿತು, ಬಾವು ಇಂಗಿತು. ಡಾಕ್ಟರರು ಮನೆಗೆ ಬಂದು ನೆತ್ತರು ತೆಗೆದುಕೊಂಡರು. ಅವರು ರೋಗಿಗಳನ್ನು ನೋಡುವ ಶಾಪಿಗೆ ಭಾವನೊಂದಿಗೆ ನಾನೂ ಹೋದೆ. ಮದ್ರಾಸಿನಲ್ಲಿ ವಿಜ್ಞಾನ ಓದಿದವಳೆಂದು ನನಗೆ ನಳಿಗೆಯನ್ನು ನೋಡಲು ಬಿಟ್ಟರು. ಆರೋಗ್ಯವಂತರ ನೆತ್ತರಿನಲ್ಲಿ ಕೆಂಪು ಕಣಗಳು ನಿಧಾನವಾಗಿ ತಳಕ್ಕೆ ಇಳಿಯುತ್ತವೆ. ಮೈಯೊಳಗೆ ಉರಿಯೂತವಿದ್ದರೆ ಒಂದಕ್ಕೊಂದು ಅಂಟಿಕೊಂಡು ಬೇಗ ಕುಸಿಯುತ್ತವೆ. ಉರಿಯೂತ ಎಲ್ಲಿದೆ, ಏಕಿದೆ ಎಂದು ಆ ಅಂಕೆ ಹೇಳುವುದಿಲ್ಲ. ಇದೆ ಎಂದಷ್ಟೇ ಹೇಳುತ್ತದೆ. ಒಂದು ಗಂಟೆ ಕಳೆದಾಗ ಅಕ್ಕನ ನೆತ್ತರು ಅರವತ್ತರ ಗೆರೆಯಲ್ಲಿತ್ತು. ಇಪ್ಪತ್ತರ ಆಚೆಗೇ ಹೋಗಬಾರದಿತ್ತು. ಹೊರಗಿನ ಲಕ್ಷಣಗಳೆಲ್ಲ ಮರೆಯಾಗಿದ್ದವು, ಕಾಯಿಲೆ ಒಳಗೇ ಇತ್ತು.

ಹೊರಗೆ ರೋಗಿಗಳು ಕಾದಿದ್ದರು. ಡಾಕ್ಟರರು ಬಾಗಿಲಿಗೆ ಬಂದು, ನನ್ನತ್ತ ತಿರುಗದೆ, ಹೊರಗೆ ಬೆಂಚಿನಲ್ಲಿದ್ದ ಭಾವನಿಗೆ, "ಅರವತ್ತು ಇಳಿದಿದೆ. ಮದ್ದು ಮುಂದುವರಿಸಿ" ಎಂದು ಹೇಳಿ ಒಳಗೆ ಹೋದರು. ನಾನು ಅಲ್ಲಿಂದಲೇ ಕುಲಶೇಖರದ ಅಮ್ಮನ ಮನೆಗೆ ಹೊರಟೆ.

ಮರುದಿನ ಸಂಜೆ ಅಕ್ಕನನ್ನು ನೋಡಲು ಹೋದಾಗ ಹಾಸಿಗೆ ಸುತ್ತಿಟ್ಟಿತ್ತು. ಅವಳು ಅಡುಗೆಮನೆಯಲ್ಲಿ ಕಡೆಯುವ ಕಲ್ಲಿನ ಮುಂದೆ ಕುಳಿತು ತೆಂಗಿನಕಾಯಿ ಅರೆಯುತ್ತಿದ್ದಳು. ತುಟಿಗಳು ಬಿಳಚಿದ್ದವು. ಎರಡು ಸುತ್ತು ತಿರುಗಿಸಿ ನಿಲ್ಲಿಸುವಳು, ಉಸಿರು ತೆಗೆದುಕೊಳ್ಳುವಳು, ಮತ್ತೆ ತಿರುಗಿಸುವಳು.

"ಏಳು," ಎಂದೆ.

"ಎಂತಕ್ಕೆ? ಇಳಿದಿದೆ ಅಂತೆ," ಎಂದಳು ಅಕ್ಕ. ಅವಳ ಮುಖದಲ್ಲಿ ಸಂತೋಷವೂ ಇತ್ತು. ಅದನ್ನು ಕಂಡು ನನ್ನ ಸಿಟ್ಟು ಇನ್ನಷ್ಟು ಹೆಚ್ಚಿತು.

ಅವಳ ಅತ್ತೆ ಬಾಗಿಲಿಗೆ ಬಂದರು. "ಅರವತ್ತು ಇಳಿದಿದೆ ಅಂತ ಡಾಕ್ಟ್ರೇ ಹೇಳಿದ್ದಲ್ವ? ಅದು ಇಳಿಯುವ ತನಕ ಮಲಗಿದ್ದಾಯ್ತು."

"ಅತ್ತೆ, ಕಾಯಿಲೆ ಇಳಿದದ್ದಲ್ಲ. ನಳಿಗೆಯಲ್ಲಿ ನೆತ್ತರು ಇಳಿದದ್ದು. ಅದು ಹೆಚ್ಚು ಇಳಿದರೆ ಕಾಯಿಲೆ ಹೆಚ್ಚು ಅಂತ ಅರ್ಥ."

"ಇಳಿದರೆ ಹೆಚ್ಚಾ? ಮದ್ರಾಸಿಗೆ ಹೋಗಿ ಕನ್ನಡ ಮರೆತಿಯಾ ಮಾರಾಯ್ತಿ?" ಅವರು ನಕ್ಕರು. "ಜ್ವರ ಉಂಟಾ, ಕೈಯಿಟ್ಟು ನೋಡು. ಬಾವು ಉಂಟಾ?"

ಜಗಲಿಯಲ್ಲಿದ್ದ ಭಾವನೂ ಒಳಗೆ ಬಂದು ನಕ್ಕರು. ಮಾತು ತಪ್ಪಾಗಿ ಅರ್ಥವಾಗಬಹುದು, ಅದನ್ನು ಕ್ಷಮಿಸಬಹುದಿತ್ತು. ಆದರೆ ಡಾಕ್ಟರರು ಮದ್ದು ಮುಂದುವರಿಸಿ ಎಂದದ್ದು ಈ ಮನೆಯಲ್ಲಿ ಯಾರ ಕಿವಿಗೂ ಬಿದ್ದಿರಲಿಲ್ಲ. ಬೇಕಾದ ಮಾತು ಮಾತ್ರ ಶಾಪಿನಿಂದ ಮನೆಯ ತನಕ ಬಂದಿತ್ತು. ನಳಿಗೆಯನ್ನು ಕಂಡವಳು ನಾನು. ಫಲಿತಾಂಶ ಹೇಳಿದ್ದು, ಏನೂ ನೋಡದೆ ಹೊರಗೆ ಬೆಂಚಿನಲ್ಲಿ ಕುಳಿತಿದ್ದ ಗಂಡಸಿಗೆ. ಡಾಕ್ಟರರ ಮೇಲೂ ನನಗೆ ಅಷ್ಟೇ ಸಿಟ್ಟಿತ್ತು.

ನಾನು ದನಿ ಏರಿಸಲಿಲ್ಲ. ಅಕ್ಕನ ಕೈ ತೊಳೆಸಿ, ಹಾಸಿಗೆ ಬಿಡಿಸಿ ಮಲಗಿಸಿದೆ.

"ನಾಳೆ ನೀರುದೋಸೆಗೆ ಅಕ್ಕಿ ಕಡೆಯುವುದು ಯಾರು? ನಿನ್ನ ಡಾಕ್ಟ್ರಾ?" ಎಂದರು ಅತ್ತೆ.

"ನಾನು," ಎಂದೆ. ಆಮೇಲೆ ಭಾವನಿಗೆ ಹೇಳಿದೆ: "ನಾಳೆ ಬೆಳಿಗ್ಗೆ ಶಾಪಿಗೆ ಹೋಗಿ ಒಂದೇ ಪ್ರಶ್ನೆ ಕೇಳಿ ಬನ್ನಿ. ಇವಳು ಏಳಬಹುದಾ ಅಂತ. ಇಳಿದಿದೆಯಾ ಅಂತ ಮಾತ್ರ ಕೇಳಬೇಡಿ."

ಮರುದಿನ ಬೆಳಿಗ್ಗೆ ಸೆರಗು ಸಿಕ್ಕಿಸಿ ಕಲ್ಲಿನ ಮುಂದೆ ಕುಳಿತೆ. ಅತ್ತೆ ಹಿಟ್ಟನ್ನು ಬೆರಳಲ್ಲಿ ಮುಟ್ಟಿ ನೋಡಿ, "ತರಿ ಉಂಟು," ಎಂದರು. ನಾನು ಮತ್ತೆ ಕಲ್ಲು ತಿರುಗಿಸಿದೆ. ಸ್ವಲ್ಪ ಹೊತ್ತಿಗೆ ಭಾವ ಬಂದು, ಚಪ್ಪಲಿಯನ್ನೂ ಬಿಡದೆ ಹಿತ್ತಿಲ ಬಾಗಿಲಲ್ಲಿ ನಿಂತರು.

"ಏಳಬಾರದಂತೆ," ಎಂದರು ತಾಯಿಯನ್ನು ನೋಡದೆ. "ಕೂತುಕೊಳ್ಳಲಿಕ್ಕೂ ಇಲ್ಲವಂತೆ."

ನೆನೆದ ಅಕ್ಕಿಯನ್ನು ಇನ್ನೊಂದು ಹಿಡಿ ತೆಗೆದು ಕಲ್ಲಿಗೆ ಹಾಕಿದೆ.