ಜಾಮು ಔಷಧಿಯಲ್ಲ ಎಂದ ವಾಗಿಯೆಮ್

ವಾಗಿಯೆಮ್ ಸೆಮಾರಾಂಗಿನ ನಮ್ಮ ಓಣಿಗೆ ಮೊದಲು ಬಂದದ್ದು ಜಾಮು ಎಂಬ ಬೇರಿನ ಕಷಾಯ ಮಾರಲು, ಇಲ್ಲಿಯ ಸೊಸೆಯಾದದ್ದು ಆಮೇಲೆ. ವೊನೊಗಿರಿಯ ಗುಡ್ಡದ ಕಡೆಯ ಹೆಣ್ಣು. ಅರಿಸಿನ, ಶುಂಠಿ, ಹುಣಸೆ, ಕಹಿಬೇರುಗಳನ್ನು ಅರೆದು ಕುದಿಸಿ, ಬಾಟಲಿಗಳಲ್ಲಿ ತುಂಬಿ, ಬುಟ್ಟಿಯನ್ನು ಬಟ್ಟೆಯಿಂದ ಬೆನ್ನಿಗೆ ಬಿಗಿದುಕೊಂಡು ಬೆಳಗಾಗುತ್ತಲೇ ಹೊರಡುತ್ತಿದ್ದಳು. ಸಮುದ್ರದ ನೀರು ಉಕ್ಕಿ ಓಣಿ ಮೊಣಕಾಲುದ್ದ ಮುಳುಗಿದ ದಿನವೂ ಲುಂಗಿ ಎತ್ತಿ ಕಟ್ಟಿಕೊಂಡು ಬರುತ್ತಿದ್ದಳು. ನಾವೆಲ್ಲ ಬಾಗಿಲಲ್ಲೇ ನಿಂತು ಕುಡಿದು ಲೋಟ ಹಿಂದಿರುಗಿಸುತ್ತಿದ್ದೆವು.

ಬಂದರಿನ ಕಡೆ ಬಾಡಿಗೆ ವ್ಯಾನು ಓಡಿಸುವ ಕಸ್ಮಾದಿ ದಿನಾ ಅವಳ ಗಿರಾಕಿ. ಕೊನೆಗೆ ಅವಳನ್ನೇ ಮದುವೆಯಾದ. ಇವಳು ಜಾಮಿನಲ್ಲಿ ಮಾಟ ಹಾಕಿ ಕೊಟ್ಟಿದ್ದಾಳೆ ಎಂದು ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಹೇಳಿ ನಗಿಸುತ್ತಿದ್ದ. ಮಗಳು ಲಾಸ್ತ್ರಿ ಹುಟ್ಟಿದ ಮೇಲೆ ನಮ್ಮ ಕಡೆಯ ವಾಡಿಕೆಯಂತೆ ಇವಳು ಅವನನ್ನು ‘ಪಾಕ್ನೆ’ ಎಂದಳು, ಅವನು ಇವಳನ್ನು ‘ಬೂನೆ’ ಎಂದ. ಮಗುವಿನ ಅಪ್ಪ, ಮಗುವಿನ ಅಮ್ಮ, ಅಷ್ಟೆ. ಮಗಳು ಬೆಳೆದು ಸೊಲೊ ಊರಿಗೆ ಮದುವೆಯಾಗಿ ಹೋದಳು. ಇವರು ಒಬ್ಬರನ್ನೊಬ್ಬರು ಕರೆಯುವ ರೀತಿ ಮಾತ್ರ ಹಾಗೇ ಉಳಿಯಿತು.

ಕಸ್ಮಾದಿಗೆ ಎದೆ ಹೊಡೆದುಕೊಳ್ಳುವ ಕಾಯಿಲೆ ಶುರುವಾದದ್ದು ಹೋದ ವರ್ಷದ ಉಪವಾಸದ ತಿಂಗಳು ಮುಗಿದ ಮೇಲೆ. ಹೃದಯದ ಬಡಿತ ತಾಳ ತಪ್ಪಿದೆ, ಒಳಗೆ ರಕ್ತ ಹೆಪ್ಪುಗಟ್ಟಿದರೆ ಮೆದುಳಿಗೆ ಹೋಗಿ ಕೂರುತ್ತದೆ ಎಂದರು ಆಸ್ಪತ್ರೆಯವರು. ರಕ್ತ ತೆಳ್ಳಗಾಗುವ ಮಾತ್ರೆ ಬರೆದುಕೊಟ್ಟರು. ಇವರಿಗೆ ಬೇರೆ ಏನಾದರೂ ಔಷಧಿ ಕೊಡುತ್ತಿದ್ದೀರಾ ಎಂದು ಅಲ್ಲಿಯ ಒಬ್ಬ ಎಳೆ ವಯಸ್ಸಿನ ಡಾಕ್ಟರು ಕೇಳಿದಾಗ ಪಕ್ಕದಲ್ಲಿ ಕೂತಿದ್ದ ವಾಗಿಯೆಮ್, ಇಲ್ಲ ಎಂದಳು. ಅದು ಸುಳ್ಳಲ್ಲ. ನಮ್ಮಲ್ಲಿ ಜಾಮು ಔಷಧಿಯಲ್ಲ. ಅನ್ನ ಉಂಡೆ ಎಂದು ಯಾರಾದರೂ ಆಸ್ಪತ್ರೆಯಲ್ಲಿ ಹೇಳಿಕೊಳ್ಳುತ್ತಾರೆಯೇ?

ಮನೆಗೆ ಬಂದ ಮೇಲೆ ಅವಳು ಗಂಡನ ಆರೈಕೆಗೆ ನಿಂತಳು. ಮಾರುವುದಕ್ಕಿಂತ ಗಟ್ಟಿಯಾದದ್ದನ್ನು ಅವನಿಗೆಂದೇ ಬೇರೆ ಕುದಿಸಿದಳು. ಅರಿಸಿನ ಹೆಚ್ಚು, ಶುಂಠಿ ಹೆಚ್ಚು, ಮೇಲೆ ಹಸಿ ಬೆಳ್ಳುಳ್ಳಿ ಜಜ್ಜಿದ ರಸ. ಬೆಳಿಗ್ಗೆ ಒಂದು ಲೋಟ, ಸಂಜೆ ಒಂದು ಲೋಟ. ಮಾತ್ರೆಯನ್ನೂ ತಪ್ಪದೆ ಅವಳೇ ಕೈಗೆ ಕೊಡುತ್ತಿದ್ದಳು.

ಕೆಲವು ವಾರ ಕಳೆದವು. ಹಲ್ಲುಜ್ಜುವಾಗ ಅವನ ಒಸಡಿನಿಂದ ರಕ್ತ ಬರತೊಡಗಿತು. ತೋಳಿನ ಮೇಲೆ ಎಲ್ಲಿ ತಾಗಿತೆಂದು ಗೊತ್ತಿಲ್ಲದ ನೀಲಿ ಕಲೆಗಳೆದ್ದವು. ನಮ್ಮ ಬಾಗಿಲಿಗೆ ಬಂದು ತೋಳು ತೋರಿಸಿ, ಹೆಂಡತಿ ಹೊಡೀತಾಳೆ ನೋಡಿ ಎಂದು ನಗಾಡಿದ. ವಾಗಿಯೆಮ್‌ಗೆ ನಗು ಬರಲಿಲ್ಲ. ಮೈಯಲ್ಲಿ ಉಷ್ಣ ಏರಿದೆ, ರಕ್ತ ಶುದ್ಧವಾಗಬೇಕು ಎಂದುಕೊಂಡು ಮಧ್ಯಾಹ್ನಕ್ಕೂ ಒಂದು ಲೋಟ ಸೇರಿಸಿದಳು. ಆಸ್ಪತ್ರೆಯವರು ರಕ್ತ ಪರೀಕ್ಷೆಗೆ ಬರಹೇಳಿದ್ದ ದಿನ ಹತ್ತಿರದಲ್ಲೇ ಇತ್ತು. ಆಗ ಕೇಳಿದರಾಯಿತು ಎಂದು ಇಬ್ಬರೂ ಸುಮ್ಮನಿದ್ದರು.

ಆ ದಿನಕ್ಕೆ ಮುಂಚೆಯೇ, ವ್ಯಾನು ತೊಳೆಯಲು ಬಗ್ಗಿದವನು ಏಳುವಾಗ ತೆರೆದಿದ್ದ ಬಾಗಿಲಿನ ಅಂಚಿಗೆ ತಲೆ ತಾಗಿಸಿಕೊಂಡ. ಗಾಯವಿಲ್ಲ, ಒಂದು ಸಣ್ಣ ಬುಗುಟು. ಕೈಯಿಂದ ಉಜ್ಜಿಕೊಂಡು ಸುಮ್ಮನಾದ. ಮಧ್ಯಾಹ್ನ ಊಟ ಬೇಡವೆಂದ. ತಲೆ ಸಿಡಿಯುತ್ತಿದೆ ಎಂದ. ವಾಗಿಯೆಮ್ ಲೋಟ ಹಿಡಿದು ಬಂದಳು.

“ಸ್ವಲ್ಪ ಕುಡಿ ಪಾಕ್ನೆ, ಹಗುರ ಆಗತ್ತೆ.”

“ಇವತ್ತು ಬಿಟ್ಬಿಡು ಬೂನೆ. ವಾಸನೆಗೇ ವಾಕರಿಕೆ ಬರ್ತಿದೆ.”

“ಮಗು ಥರ ಆಡ್ಬೇಡ. ಮೂಗು ಮುಚ್ಕೊಂಡು ಕುಡಿ.”

ಕುಡಿದ. ಸಂಜೆಯ ಬಾಂಗಿನ ಹೊತ್ತಿಗೆ ವಾಂತಿಯಾಯಿತು, ಮಾತು ತೊದಲಿತು. ಅವನದೇ ವ್ಯಾನಿನಲ್ಲಿ ಅವನನ್ನು ಮಲಗಿಸಿಕೊಂಡು ಆಸ್ಪತ್ರೆಗೆ ಹೋದೆವು. ಮೆದುಳಿನೊಳಗೆ ರಕ್ತ ಸೋರುತ್ತಿದೆ, ನಿಲ್ಲುತ್ತಿಲ್ಲ ಎಂದರು. ಏನೇನು ತಿನ್ನುತ್ತಿದ್ದ, ಕುಡಿಯುತ್ತಿದ್ದ ಎಂದು ಅಲ್ಲಿಯ ನರ್ಸು ಕೇಳಿದಾಗ ವಾಗಿಯೆಮ್ ಎಲ್ಲವನ್ನೂ ಹೇಳಿದಳು. ನರ್ಸು ಬರೆಯುವುದನ್ನು ನಿಲ್ಲಿಸಿ ಒಮ್ಮೆ ಅವಳ ಮುಖ ನೋಡಿದಳು. ಆ ನೋಟದಲ್ಲೇ ಇವಳಿಗೆ ಅರ್ಧ ತಿಳಿದುಹೋಯಿತು. ಕಸ್ಮಾದಿ ಮತ್ತೆ ಕಣ್ಣು ಬಿಡಲಿಲ್ಲ.

ಮಣ್ಣು ಮಾಡಿದ ಮೇಲೆ ಓಣಿಯವರೆಲ್ಲ ಸಂಜೆ ಸಂಜೆ ಅವಳ ಮನೆಯಲ್ಲಿ ಸೇರಿ ಪ್ರಾರ್ಥನೆ ಓದಿದೆವು. ಚಹಾ ಹಂಚುವಾಗ ಅವಳು, ಅವನು ಸತ್ತದ್ದು ನನ್ನ ಕೈಯಿಂದ ಎಂದು ಹೇಳಲು ಹೊರಟಳು. ಹೆಂಗಸರೆಲ್ಲ ಸೇರಿ ಬಾಯಿ ಮುಚ್ಚಿಸಿದೆವು. ದೇವರು ಬರೆದದ್ದು, ನಿನ್ನದೇನಿದೆ ಎಂದೆವು. ಅದು ಕರುಣೆಯಷ್ಟೇ ಆಗಿರಲಿಲ್ಲ ಎಂದು ನನಗೆ ಈಗ ಅನ್ನಿಸುತ್ತದೆ. ಅಲ್ಲಿ ಕೂತಿದ್ದವರೆಲ್ಲ ಅವಳ ಕೈಯ ಜಾಮು ಕುಡಿದವರೇ, ಎಷ್ಟೋ ಮನೆಗಳಲ್ಲಿ ಮಾತ್ರೆಯ ಪೊಟ್ಟಣಗಳೂ ಇದ್ದವು. ಅವಳ ಮಾತು ನಿಜವಾಗುವುದು ನಮಗೆ ಬೇಕಿರಲಿಲ್ಲ.

ಬೈಯುವವರು ಸಿಗಲೆಂದೋ ಏನೋ, ಅವಳು ಆ ಎಳೆ ಡಾಕ್ಟರ ಬಳಿ ಹೋದಳು. ಅವರು ಬೈಯಲಿಲ್ಲ. ಬರೀ ಜಾಮಿನಿಂದ ಅಂತಲೂ ಹೇಳಲಾರೆ, ಬರೀ ಪೆಟ್ಟಿನಿಂದ ಅಂತಲೂ ಹೇಳಲಾರೆ ಎಂದರು. ಆದರೆ ಮಾತ್ರೆ ರಕ್ತವನ್ನು ತೆಳ್ಳಗೆ ಮಾಡುವಾಗ ಅಷ್ಟು ಗಟ್ಟಿ ಬೆಳ್ಳುಳ್ಳಿ, ಅರಿಸಿನ, ಶುಂಠಿ ಸೇರಿದರೆ ಅಪಾಯ ಹೆಚ್ಚು, ಒಸಡಿನಲ್ಲಿ ರಕ್ತ ಕಂಡ ದಿನವೇ ಬರಬೇಕಿತ್ತು ಎಂದರು. ಮಗಳು ಲಾಸ್ತ್ರಿ ಇದನ್ನು ಕೇಳಿ ಬಟ್ಟೆ ಕಟ್ಟಿಕೊಂಡಳು. ಮರುದಿನ ಸೊಲೊಗೆ ಹೋದಳು. ಆಮೇಲೆ ಫೋನು ಮಾಡುವುದು ಕಡಿಮೆಯಾಯಿತು.

ಹೊಟ್ಟೆಪಾಡಿಗೆ ವಾಗಿಯೆಮ್ ಮತ್ತೆ ಬುಟ್ಟಿ ಹೊತ್ತಳು. ಆದರೆ ಈಗ ಲೋಟ ತುಂಬುವ ಮುಂಚೆ, ಯಾವ ಮಾತ್ರೆ ತಗೊಳ್ತೀರಿ ಎಂದು ಕೇಳುತ್ತಿದ್ದಳು. ಗಿರಾಕಿಗಳಿಗೆ ಇದು ಕಿರಿಕಿರಿ. ಕಸ್ಮಾದಿಯದೇ ಥರದ ಮಾತ್ರೆ ನುಂಗುತ್ತಿದ್ದ, ಓಣಿಯವರು ಗೌರವಕ್ಕೆ ‘ಪಾ’ ಎನ್ನುವ ದರ್ಜಿ ಸುವಾಂದಿಗೆ ಅವಳು ಕೊಡಲೊಲ್ಲೆ ಎಂದಾಗ ಆತ ಸಿಟ್ಟಾಗಿ, ಪಕ್ಕದ ಓಣಿಯ ಜಾಮು ಮಾರುವವಳ ಹತ್ತಿರ ಕುಡಿಯತೊಡಗಿದ. ಒಂದು ಬೆಳಿಗ್ಗೆ ನಾನು ಆ ಓಣಿಯಲ್ಲಿ ಮೀನು ಕೊಳ್ಳುತ್ತಿದ್ದಾಗ ವಾಗಿಯೆಮ್ ಅಲ್ಲಿಗೆ ಬಂದಳು. ಆ ಮಾರುವವಳ ಪಕ್ಕ ನಿಂತಿದ್ದ ಸುವಾಂದಿಯ ಕೈಯಲ್ಲಿ ಲೋಟವಿತ್ತು.

“ಕೆಳಗಿಡಿ ಪಾ.”

“ನಿಂಗೆ ಗಿರಾಕಿ ಹೋದ ಹೊಟ್ಟೆಕಿಚ್ಚು.”

“ನನ್ನ ಗಂಡನಿಗೆ ನಾನೇ ಕುಡಿಸಿದೆ,” ಎಂದಳು, ದನಿ ಏರಿಸದೆ. “ಬೇಡ ಅಂದ. ಬಿಡ್ಲಿಲ್ಲ ನಾನು. ನಿಮ್ಮ ಹೆಂಡ್ತಿ ಒಬ್ಬಳೇ ಆಗೋದು ಬೇಡ.”

ಮೀನಿನವನ ಕೈಯ ಕತ್ತಿ ನಿಂತಿತು. ಸುವಾಂದಿ ಅವಳನ್ನೇ ನೋಡುತ್ತಾ ಇನ್ನೊಂದು ಗುಟುಕು ಕುಡಿದ, ಹಟಕ್ಕೆ. ಆಮೇಲೆ ಉಳಿದದ್ದನ್ನು ಚರಂಡಿಗೆ ಚೆಲ್ಲಿ, ಯಾರ ಮುಖವನ್ನೂ ನೋಡದೆ ಹೊರಟುಹೋದ.

ಆ ಮಾರುವವಳು ಅಂದಿನಿಂದ ವಾಗಿಯೆಮ್ ಜೊತೆ ಮಾತು ಬಿಟ್ಟಿದ್ದಾಳೆ. ಗಂಡನನ್ನು ಕೊಂದವಳು ಎಂಬ ಹೆಸರು ಈಗ ಎರಡೂ ಓಣಿಗಳಲ್ಲಿದೆ. ಅವಳೇ ಹೇಳಿಕೊಂಡದ್ದಲ್ಲವೇ ಎನ್ನುತ್ತಾರೆ. ಅವಳ ಬಾಟಲಿಗಳು ಮಧ್ಯಾಹ್ನಕ್ಕೆ ಅರ್ಧಕ್ಕರ್ಧ ತುಂಬಿಯೇ ಮನೆಗೆ ಬರುತ್ತವೆ.